ನಾಲ್ಕನೇ ಹೋಲ್‌ನ ಕ್ಯೂ ಹೀಗೆ ಕರಗಿತು

ಟೀ (ಮೊದಲ ಹೊಡೆತದ ಜಾಗ) ಅಂತರವನ್ನು, ಅಂದರೆ ಒಂದು ಗ್ರೂಪ್ ಹೊರಟ ಮೇಲೆ ಮುಂದಿನದನ್ನು ಬಿಡುವ ಸಮಯವನ್ನು, 8 ನಿಮಿಷದಿಂದ 10ಕ್ಕೆ ಏರಿಸೋಣ ಅಂದಾಗ ನಮ್ಮ ಗಾಲ್ಫ್ ಕ್ಲಬ್ಬಿನ ಕಮಿಟಿಯಲ್ಲಿ ಎಲ್ಲರೂ ನಕ್ಕರು. "ಆಟ ನಿಧಾನ ಅಂತ ದೂರು ಬರ್ತಿದೆ, ನೀವು ಇನ್ನೂ ತಡವಾಗಿ ಬಿಡ್ತೀನಿ ಅಂತೀರಲ್ಲ!" ಬೆಳಗಿನ ಮೂರು ಗಂಟೆಗಳ ಅವಧಿಯಲ್ಲಿ ನಾಲ್ಕು ಗ್ರೂಪ್, ಅಂದರೆ 16 ಜನರ ಶುಲ್ಕ ಹೋಗುತ್ತೆ ಎಂದು ಖಜಾಂಚಿ ಲೆಕ್ಕ ಮುಂದಿಟ್ಟರು. ಲೆಕ್ಕ ಸುಳ್ಳಲ್ಲ.

ಅದಕ್ಕೂ ಮೊದಲು ನಾನು ದುಡ್ಡು ಸುರಿದದ್ದು ಮಾರ್ಷಲ್‌ಗಳಿಗೆ, ಅಂದರೆ ಆಟಗಾರರನ್ನು ಬೇಗ ಮುಂದೆ ಸಾಗಿಸುವವರಿಗೆ. ಇಬ್ಬರನ್ನು ಇಟ್ಟೆ. ಅವರು ಅಟ್ಟಿದಂತೆಲ್ಲ ಗ್ರೂಪ್‌ಗಳು ಬೇಗ ಬೇಗ ಹೋಗಿ ನಾಲ್ಕನೇ ಹೋಲ್‌ನಲ್ಲಿ ನಿಂತವು. ಸದಸ್ಯರ ಜತೆ ಜಗಳ ಬೇರೆ. ಒಂದು ಸೀಸನ್ನಿನ ಸಂಬಳ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಕೊನೆಗೆ ಒಂದು ಭಾನುವಾರ ಗಡಿಯಾರ ಹಿಡಿದು ಅಲ್ಲೇ ಕೂತೆ. ಅದು ಉದ್ದದ ಪಾರ್-3, ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಪಾರ್-4ರಲ್ಲಿ ಎರಡು ಗ್ರೂಪ್ ಒಟ್ಟಿಗೆ ಆಡಬಹುದು, ಇಲ್ಲಿ ಒಂದೇ. ಮೊದಲ ಹೊಡೆತದಿಂದ ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಖಾಲಿಯಾಗುವವರೆಗೆ ಸುಮಾರು 11 ನಿಮಿಷ. ಎಂಟು ನಿಮಿಷಕ್ಕೊಂದು ಗ್ರೂಪ್ ಬಿಟ್ಟರೆ ಹತ್ತನೆಯದು ಅರ್ಧ ಗಂಟೆ ಹತ್ತಿರ ಕಾಯಬೇಕು. ಮಾರ್ಷಲ್ ಪಾಪ ಏನು ಮಾಡ್ತಾನೆ?

ಟೀ ಮುಂದೆ ತಂದೆ. ಗ್ರೀನ್‌ನ ಎಡಗಡೆ ರಫ್ (ಎತ್ತರದ ಹುಲ್ಲು) ಕತ್ತರಿಸಿದೆ. 2019ರಿಂದ ನಿಯಮದಲ್ಲಿ ಚೆಂಡು ಹುಡುಕಲು 5 ನಿಮಿಷದ ಬದಲು ಮೂರೇ ನಿಮಿಷ, ಸರಿ. ಆದರೆ ಒಬ್ಬರಾದ ಮೇಲೆ ಒಬ್ಬರಂತೆ ಇಬ್ಬರು ಹುಡುಕಿದರೆ ಆರಾಯ್ತು ಅಲ್ವಾ? ಪಿನ್ ಅನ್ನು, ಅಂದರೆ ಬಾವುಟವಿರುವ ಕುಳಿಯನ್ನು, ಇಳಿಜಾರಿನಿಂದ ಸಮತಟ್ಟಿಗೆ ಸರಿಸಿದೆ. ಹನ್ನೊಂದು ನಿಮಿಷ ಒಂಬತ್ತೂವರೆಗೆ ಇಳಿಯಿತು. ಆಮೇಲೆ 10ರ ಅಂತರ ಹಾಕಿದೆ. ಇದೇ ಕ್ರಮದಲ್ಲಿ ಮಾಡಬೇಕು, ತಿರುಗಿಸಿದರೆ ಕ್ಯೂ ಹಾಗೇ ಇರುತ್ತೆ.

ನಡುವೆ, ಗ್ರೀನ್ ಮೇಲಿರುವವರು ಹಿಂದಿನ ಗ್ರೂಪನ್ನು ಕರೆದು ಟೀಯಿಂದ ಹೊಡೆಸುವುದನ್ನೂ ಪ್ರಯೋಗ ಮಾಡಿ ನೋಡಿದೆ. ನಾಲ್ವರು ನಿಂತು ನೋಡ್ತಿದ್ದರೆ ಹೊಡೆಯುವವರಿಗೆ ಕೈ ನಡುಗಿ ಚೆಂಡು ಕಾಡಿಗೆ. ಬಿಟ್ಟೆ. ಬಾವುಟ ತೆಗೆಯದೆ ಪಟ್ ಮಾಡಿ (ಚೆಂಡನ್ನು ಕುಳಿಗೆ ಉರುಳಿಸಿ) ಅಂದರೆ ಅರ್ಧ ಜನ ಸುಮ್ನೆ ತೆಗೀತಾರೆ. ಕಳೆದ ಚೆಂಡಿಗೆ ವಾಪಸ್ ಟೀಗೆ ನಡೆಸದೆ, ಎರಡು ಹೊಡೆತದ ದಂಡ ಹಾಕಿ ಮುಂದೆಯೇ ಬೇರೆ ಚೆಂಡು ಬೀಳಿಸಿ ಆಡಿಸುವ ಲೋಕಲ್ ರೂಲ್ ಮಾತ್ರ ಚೆನ್ನಾಗಿ ಕೆಲಸ ಮಾಡಿತು.

ಮುಗಿಯಲು ಐದು ಗಂಟೆ ದಾಟುತ್ತಿದ್ದ ರೌಂಡ್ (ಪೂರ್ತಿ ಆಟ) ಈಗ ನಾಲ್ಕೂಕಾಲು ಗಂಟೆ. ಹೋದ ನಾಲ್ಕು ಗ್ರೂಪ್‌ಗಳಲ್ಲಿ ಮೂರು ಮಧ್ಯಾಹ್ನಕ್ಕೆ ಸಿಕ್ಕವು. ಮೊದಲೆಲ್ಲ ಕತ್ತಲಾಗುತ್ತೆಂದು ಆ ಹೊತ್ತಿಗೆ ಯಾರೂ ಬುಕ್ ಮಾಡ್ತಿರಲಿಲ್ಲ. ನಾಲ್ಕನೆಯದರ ನಷ್ಟ ಮಾರ್ಷಲ್‌ಗಳನ್ನು ಬಿಟ್ಟು ಉಳಿಸಿದ ಸಂಬಳದಲ್ಲಿ ಮುಚ್ಚಿಹೋಯಿತು.

ಇನ್ನೊಂದಿದೆ: ತಡವಾದದ್ದು ಸರಿದೂಗಲಿ ಅಂತ ಅಲ್ಲಲ್ಲಿ ಒಂದು ಟೀ ಟೈಮ್ (ಗ್ರೂಪ್ ಹೊರಡುವ ಸಮಯ) ಖಾಲಿ ಬಿಡ್ತೇನೆ. ಎಷ್ಟು ಗ್ರೂಪಿಗೊಮ್ಮೆ ಅನ್ನುವುದು ನನಗೂ ಗ್ರೂಪ್‌ಗಳನ್ನು ಬಿಡುವ ಸ್ಟಾರ್ಟರ್‌ಗೂ ಮಾತ್ರ ಗೊತ್ತು. ಖಜಾಂಚಿ ಎರಡು ಸಲ ಕೇಳಿದರು, ಹೇಳಿಲ್ಲ.