ಚೋಮನ ಹೆಸರು ಯಾವ ಕಾಲಂನಲ್ಲಿದೆ?

ನಾನು ಇಪ್ಪತ್ತೊಂಬತ್ತು ವರ್ಷ ಪುತ್ತೂರಿನ ಕಡೆ ಗ್ರಾಮ ಲೆಕ್ಕಿಗಳಾಗಿದ್ದವಳು. ಪಹಣಿ, ಮ್ಯುಟೇಶನ್, ಗಡಿಕಲ್ಲು, ತಕರಾರು ಅರ್ಜಿ, ಇವುಗಳ ನಡುವೆಯೇ ಬದುಕು ಕಳೆಯಿತು. ಕಾದಂಬರಿ ಓದುವುದು ರಾತ್ರಿಯ ಕೆಲಸ. ನಿವೃತ್ತಿಯಾದ ಮೇಲೆ ಶನಿವಾರ ಸಂಜೆ ಏಳೆಂಟು ಡಿಗ್ರಿ ಮಕ್ಕಳು ಮನೆಗೆ ಬರುತ್ತಾರೆ. ಅವರಿಗೆ ಕಾಲೇಜಿನಲ್ಲಿ ‘ವಿಮರ್ಶೆ ಬರೆಯಿರಿ’ ಎಂದು ಹೇಳಿರುತ್ತಾರೆ. ಹೇಗೆ ಎಂದು ಹೇಳಿರುವುದಿಲ್ಲ. ನಾನು ಅವರ ಜೊತೆ ಮಾಡುವುದನ್ನೇ ಇಲ್ಲಿ ಬರೆಯುತ್ತೇನೆ. ಉದಾಹರಣೆಗೆ ಶಿವರಾಮ ಕಾರಂತರ ‘ಚೋಮನ ದುಡಿ’ ಇಟ್ಟುಕೊಳ್ಳೋಣ. 1933ರಲ್ಲಿ ಬಂದ ಪುಸ್ತಕ, ಚಿಕ್ಕದು, ನಮ್ಮದೇ ಜಿಲ್ಲೆಯ ದಲಿತ ಆಳು ಚೋಮನ ಕಥೆ.

ಮೊದಲ ಸಲ ಸುಮ್ನೆ ಓದಿ. ಪೆನ್ನು ಬೇಡ. ಅಳು ಬಂದರೆ ಅಳಿ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವ ಕಡೆ ನನಗೆ ಈಗಲೂ ಪುಸ್ತಕ ಕೆಳಗಿಡಬೇಕಾಗುತ್ತದೆ. ಮುಟ್ಟಬಾರದ ಜಾತಿಯ ಹುಡುಗ ಎಂಬ ಕಾರಣಕ್ಕೆ ಅವನನ್ನು ಯಾರೂ ಎತ್ತುವುದಿಲ್ಲ. ಆ ಸಂಕಟ ಆಗದವರು ಮುಂದಿನ ಕೆಲಸವನ್ನು ಮಾಡಲಾರರು ಎಂದೇ ನನ್ನ ನಂಬಿಕೆ.

ಎರಡನೇ ಸಲ ಪೆನ್ಸಿಲ್ ಹಿಡಿಯಿರಿ. ಈ ಸಲ ಒಂದೇ ಕೆಲಸ. ಯಾರು ಯಾರನ್ನು ಏನು ಕೇಳುತ್ತಾರೆ, ಯಾರು ‘ಇಲ್ಲ’ ಎನ್ನುತ್ತಾರೆ, ಅಷ್ಟನ್ನೇ ಗುರುತು ಹಾಕಿ. ಚೋಮನಿಗೆ ಬೇಕಾದದ್ದು ಒಂದು ತುಂಡು ಗದ್ದೆ. ಎತ್ತುಗಳು ಅವನಲ್ಲಿ ಇವೆ, ಹೂಡಲು ನೆಲ ಇಲ್ಲ. ಧಣಿ ಸಂಕಪ್ಪಯ್ಯನಿಗೆ ಒಂದು ಹಂತದಲ್ಲಿ ಕೊಡುವ ಮನಸ್ಸೂ ಬರುತ್ತದೆ. ಬೇಡ ಎನ್ನುವವರು ಅವನ ತಾಯಿ. ಇಲ್ಲಿ ನಿಲ್ಲಿ, ಓಡಬೇಡಿ. ಆ ತಾಯಿಯ ಹೆಸರಿನಲ್ಲಿ ಜಮೀನು ಇಲ್ಲ. ಸರ್ಕಾರದ ಆದೇಶವನ್ನೂ ಅವರು ತೋರಿಸುವುದಿಲ್ಲ. ಆದರೂ ಅವರ ಒಂದು ಮಾತಿಗೆ ಗದ್ದೆ ನಿಂತುಹೋಗುತ್ತದೆ. ಆ ಮಾತಿಗೆ ಅಷ್ಟು ಬಲ ಎಲ್ಲಿಂದ ಬಂತು?

ಇದನ್ನು ನಾನು ಮಕ್ಕಳಿಗೆ ಪಹಣಿ ಇಟ್ಟು ತೋರಿಸುತ್ತೇನೆ. ಕಾಲಂ 9ರಲ್ಲಿ ಒಡೆಯರ ಹೆಸರು. ಕಾಲಂ 11ರಲ್ಲಿ ಸಾಲ, ಹಕ್ಕು, ತಕರಾರು. ಕಾಲಂ 12ರಲ್ಲಿ ಸಾಗುವಳಿ ಯಾರದು, ಬೆಳೆ ಯಾವುದು. ‘ಈ ಜಾತಿಯವರು ಇಲ್ಲಿ ಉಳಬಾರದು’ ಎಂಬ ಕಾಲಂ ಎಲ್ಲೂ ಇಲ್ಲ. ಚೋಮನನ್ನು ತಡೆದದ್ದು ಕಾಗದದಲ್ಲಿ ಬರೆಯದ ಮಾತು. ಇಷ್ಟು ವರ್ಷ ದಾಖಲೆ ನೋಡಿದ ನನಗೆ ಸಾಹಿತ್ಯ ಬೇಕಾಗುವುದು ಇದಕ್ಕೇ. ದಾಖಲೆಯಲ್ಲಿ ಇಲ್ಲದ್ದು ಕಥೆಯಲ್ಲಿ ಉಂಟು.

ಹಾಗೆಂದು ಕಥೆಯನ್ನೇ ದಾಖಲೆ ಮಾಡಿಕೊಳ್ಳಬೇಡಿ. ಇದು ತುಂಬ ಜನ ಮಾಡುವ ತಪ್ಪು. ಕಾದಂಬರಿ ಒಂದು ಊರಿನ, ಒಂದು ಮನೆಯ, ಒಬ್ಬ ಲೇಖಕರ ಕಣ್ಣಿನ ಮಾತು. ಅದರ ಪಕ್ಕದಲ್ಲಿ ಆ ಕಾಲದ ಒಂದೆರಡು ಗಟ್ಟಿ ಸಂಗತಿ ಇಟ್ಟುಕೊಳ್ಳಿ, ಸಾಕು. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು. ಜಮೀನು ಮೂಲಗೇಣಿ ಎಂಬ ಕಾಯಂ ಗೇಣಿ, ಚಾಲಗೇಣಿ ಎಂಬ ಬಿಡಿಸಬಹುದಾದ ಗೇಣಿಗಳ ಮೇಲೆ ನಡೆಯುತ್ತಿತ್ತು. ಘಟ್ಟದ ಕಾಫಿ ತೋಟಗಳಿಗೆ ಕೂಲಿಗಳು ಮುಂಗಡ ಸಾಲ ತೆಗೆದುಕೊಂಡು ಹೋಗುತ್ತಿದ್ದರು. ಇಷ್ಟು ಗೊತ್ತಿದ್ದರೆ ಚೋಮನ ಸಾಲ ಅವನೊಬ್ಬನ ಹಣೆಬರಹ ಅಂತ ಅನಿಸುವುದಿಲ್ಲ. ಸಾಲ ತೀರಿಸಲು ತೋಟಕ್ಕೆ ಹೋದ ಅವನ ಮಗ ಚನಿಯ ಜ್ವರದಲ್ಲಿ ಸಾಯುವುದೂ ಬೇರೆಯಾಗಿ ಕಾಣುತ್ತದೆ.

ಈಗ ಇವತ್ತಿನ ವಿಷಯಕ್ಕೆ ಬನ್ನಿ. ಮಕ್ಕಳಲ್ಲಿ ನಾನು ಯಾವಾಗಲೂ ಕೇಳುವ ಪ್ರಶ್ನೆ ಒಂದು ಉಂಟು. ಚೋಮ 1974ರವರೆಗೆ ಬದುಕಿದ್ದರೆ ಅವನಿಗೆ ಗದ್ದೆ ಸಿಗುತ್ತಿತ್ತಾ? ಹೆಚ್ಚಿನವರು ‘ಹೌದು ಅಕ್ಕ, ಉಳುವವನೇ ಹೊಲದೊಡೆಯ ಅಲ್ವಾ’ ಎನ್ನುತ್ತಾರೆ. ದೇವರಾಜ ಅರಸರ ಕಾಲದ, ಭೂ ಸುಧಾರಣೆ ಕಾನೂನಿನ ಆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಬಂತು. ಗೇಣಿದಾರರು ಹಕ್ಕು ಕೇಳುವ ಅರ್ಜಿ, ಅಂದರೆ ಫಾರಂ 7 ಹಾಕಿದರು, ಭೂ ನ್ಯಾಯಮಂಡಳಿ ಹಕ್ಕು ಕೊಟ್ಟಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ತಲೆ ಎತ್ತಿ ನಿಂತದ್ದು ಅದರಿಂದ. ಅದು ದೊಡ್ಡ ಕೆಲಸ, ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಆದರೆ ಚೋಮ ಗೇಣಿದಾರನೇ ಅಲ್ಲ. ಅವನಿಗೆ ಗೇಣಿಗೂ ಯಾರೂ ನೆಲ ಕೊಟ್ಟಿರಲಿಲ್ಲ. ಧಣಿಯ ಗದ್ದೆಯಲ್ಲಿ ದುಡಿದ ಆಳು ಅವನು. ಆಳಿಗೆ ಫಾರಂ 7 ಹಾಕಲು ಬರುವುದಿಲ್ಲ. ಹೆಚ್ಚೆಂದರೆ ತನ್ನ ಗುಡಿಸಲು ನಿಂತ ಜಾಗವನ್ನು ಕೇಳಬಹುದಿತ್ತು. ಇದನ್ನು ಹೇಳಿದಾಗ ಮನೆಯ ಚಾವಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಒಂದು ಕಾದಂಬರಿಯ ಪಾತ್ರವನ್ನು ಒಂದು ಕಾನೂನಿನ ಮುಂದೆ ನಿಲ್ಲಿಸಿದ್ದಕ್ಕೆ ಆ ಕಾನೂನು ಯಾರನ್ನು ಬಿಟ್ಟುಹೋಯಿತು ಎಂದು ತಿಳಿಯಿತು. ವಿಮರ್ಶೆ ಎಂದು ನಾನು ಕರೆಯುವುದು ಇದನ್ನು.

ಹೀಗೆ ಪಾತ್ರವನ್ನು ಕರೆದುಕೊಂಡು ಇನ್ನೂ ಮುಂದೆ ಹೋಗಿ. ದಕ್ಷಿಣ ಕನ್ನಡದಲ್ಲಿ ದಲಿತರಿಗೆಂದು ಮೀಸಲಿಟ್ಟ ಡಿಸಿ ಮನ್ನಾ ಜಾಗವನ್ನು ಹಂಚಿ ಎಂಬ ಹೋರಾಟ ಉಂಟು. ಅಲ್ಲಿ ಚೋಮನನ್ನು ನಿಲ್ಲಿಸಿ. 2020ರಲ್ಲಿ ಭೂ ಸುಧಾರಣೆ ಕಾನೂನಿನ 79ಎ, 79ಬಿ ಕಲಂಗಳನ್ನು ತೆಗೆದರು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತು. ಅಲ್ಲಿಯೂ ಅವನನ್ನು ನಿಲ್ಲಿಸಿ. ಇದರಿಂದ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂದವರ ವಾದವನ್ನು ಅವರದೇ ಮಾತಿನಲ್ಲಿ ಮೊದಲು ಬರೆಯಿರಿ. ಆಮೇಲೆ ಕೇಳಿ: ಮಾರಲು ನೆಲವೇ ಇಲ್ಲದವನಿಗೆ ಈ ಬದಲಾವಣೆ ಏನು ಕೊಟ್ಟಿತು? ಎದುರಿನವರ ವಾದವನ್ನು ಸೊಟ್ಟ ಮಾಡಿ ಬರೆದರೆ ನಿಮ್ಮ ಉತ್ತರವೂ ಸೊಟ್ಟಗೇ ಇರುತ್ತದೆ.

ಲೇಖಕರನ್ನೂ ಕೇಳಬೇಕು. ಕಾರಂತರ ಮೇಲೆ ನನಗೆ ತುಂಬ ಗೌರವ. ಆದರೆ ಅವರು ದಲಿತರಲ್ಲ. ಚೋಮನ ಮನಸ್ಸನ್ನು ಹೊರಗಿನಿಂದ ಕಂಡವರು. ಅವನ ಸಿಟ್ಟು ಕೊನೆಗೆ ದುಡಿಯ ಬಡಿತದಲ್ಲಿ ಮುಗಿಯುತ್ತದೆ, ಧಣಿಯ ಅಂಗಳಕ್ಕೆ ಹೋಗುವುದಿಲ್ಲ. ಅದು ಆ ಕಾಲದ ನಿಜವೋ, ಲೇಖಕರ ಕಣ್ಣಿನ ಮಿತಿಯೋ? ಎರಡಕ್ಕೂ ಪುಸ್ತಕದಿಂದಲೇ ಸಾಲು ಹುಡುಕಿ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದೊಡ್ಡ ಗಲಾಟೆಯಾಯಿತು, ಸಚಿವ ಸ್ಥಾನವನ್ನೂ ಬಿಡಬೇಕಾಯಿತು. ಆದರೆ ಆ ಗಲಾಟೆಯಿಂದ ದಲಿತ ಹುಡುಗರು ಒಟ್ಟಾದರು, ತಮ್ಮ ಮಾತನ್ನು ತಾವೇ ಬರೆಯತೊಡಗಿದರು. ಅವರ ಕವಿತೆಯನ್ನೋ ಆತ್ಮಕಥೆಯನ್ನೋ ಒಂದಾದರೂ ಓದಿ, ಆಮೇಲೆ ಚೋಮನ ಹತ್ತಿರ ವಾಪಸ್ ಬನ್ನಿ. ಅದೇ ಪುಟ ಬೇರೆ ಥರ ಕೇಳಿಸುತ್ತದೆ.

ಬರೆಯುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಶೋಷಣೆಯನ್ನು ಮನೋಜ್ಞವಾಗಿ ಚಿತ್ರಿಸಿದ್ದಾರೆ’ ಎಂಬ ಸಾಲು ಬಂದರೆ ಹೊಡೆದುಹಾಕಿ. ಆ ಜಾಗದಲ್ಲಿ ಯಾರು, ಯಾರಿಗೆ, ಏನು ಮಾಡಿದರು ಎಂದು ಬರೆಯಿರಿ. ಕಥೆಯ ಸಾರಾಂಶ ಐದು ಸಾಲು ಮೀರಬಾರದು. ಒಂದೇ ಪ್ರಶ್ನೆ ಹಿಡಿಯಿರಿ, ಅದನ್ನು ಕೊನೆವರೆಗೆ ಬಿಡಬೇಡಿ.

ಬರೆದಾದ ಮೇಲೆ ಅದನ್ನು ಆ ಬದುಕು ಗೊತ್ತಿರುವವರಿಗೆ ಓದಿ ಹೇಳಿ. ಇದು ನನಗೆ ತುಂಬ ಮುಖ್ಯ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಚೆನ್ನಾಗಿ ಬರೆದುಕೊಂಡು ಬಂದಿದ್ದ. ನೆಲ, ಜಾತಿ, ಸಾಲ, ಎಲ್ಲ ಇತ್ತು. ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಹೆಂಗಸು ಆಚೆ ಕುಳಿತು ಕೇಳುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಘಟ್ಟದ ತೋಟದಲ್ಲಿ ದುಡಿದವರು. ಅವರು ಕೇಳಿದರು, ‘ಅಲ್ಲ ಮಗಾ, ಅಪ್ಪನ ಸಾಲ ತೀರಿಸಿದ್ದು ಯಾರು?’

ಕೊನೆಗೆ ಸಾಲಕ್ಕಾಗಿ ತೋಟಕ್ಕೆ ಹೋದವಳು ಮಗಳು ಬೆಳ್ಳಿ. ಅಲ್ಲಿ ಅವಳ ಮೈಯೇ ಸಾಲಕ್ಕೆ ಬೆಲೆಯಾಯಿತು. ಹುಡುಗನ ನಾಲ್ಕು ಪುಟದಲ್ಲಿ ಬೆಳ್ಳಿಯ ಪ್ರಸ್ತಾಪ ಒಂದೇ ಕಡೆ ಇತ್ತು. ಅದೂ ‘ಚೋಮನ ಮಗಳು’ ಎಂದು. ಅವನು ಮಾತಾಡಲಿಲ್ಲ. ಹಾಳೆಗಳನ್ನು ಮಡಚಿಟ್ಟು, ಪುಸ್ತಕವನ್ನು ಮತ್ತೆ ಮೊದಲಿನಿಂದ ತೆರೆದ. ಈ ಸಲ ಬೆಳ್ಳಿ ಬರುವ ಪುಟಗಳಿಗೆ ಮಾತ್ರ ಪೆನ್ಸಿಲ್ ಗುರುತು ಹಾಕುತ್ತಾ ಹೋದ.