123456789 ಅನ್ನು ಕೈಲೆಕ್ಕದಲ್ಲೇ ಒಡೆದದ್ದು

ಒಂದರಿಂದ ಒಂಬತ್ತರವರೆಗೆ ಅಂಕಿಗಳನ್ನು ಸಾಲಾಗಿ ಬರೆದರೆ 123456789. ಇದರ ಅಪವರ್ತನಗಳನ್ನು ಕಂಪ್ಯೂಟರ್ ಮುಟ್ಟದೆ ಹುಡುಕಬೇಕು ಅಂತ ಒಮ್ಮೆ ಸುಮ್ನೆ ಹಟ ಹಿಡಿದೆ.

ಶುರು ಸುಲಭ. ಅಂಕಿಗಳ ಮೊತ್ತ 45, ಹಾಗಾಗಿ 9ರಿಂದ ಭಾಗ ಹೋಗುತ್ತದೆ. ಉಳಿದದ್ದು 13717421. ಇದರ ಅಂಕಿಗಳ ಮೊತ್ತ 26. ಇನ್ನು 3 ಹೋಗುವುದಿಲ್ಲ. ಆಮೇಲೆ 7, 11, 13, 17 ಹೀಗೆ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋದೆ. ಎರಡು ಸಂಜೆ ಕಳೆದು 200 ದಾಟಿದರೂ ಒಂದೂ ಹೋಗಲಿಲ್ಲ. ನಡುವೆ ಒಮ್ಮೆ 43 ಹೋಯಿತು ಅಂತ ಕುಣಿದಾಡಿದೆ. ನೋಡಿದರೆ ಕಳೆಯುವಾಗ ತಪ್ಪಿದ್ದೆ, ಶೇಷ 34 ಇತ್ತು. ಭಾಗಿಸಿ ನೋಡಬೇಕಾದದ್ದು ಇದರ ವರ್ಗಮೂಲದವರೆಗೆ, ಅದು ಸುಮಾರು 3703.7. ಅಲ್ಲಿಯವರೆಗೆ 500ಕ್ಕೂ ಜಾಸ್ತಿ ಅವಿಭಾಜ್ಯಗಳಿವೆ. ಪೆನ್ನು ಕೆಳಗಿಟ್ಟೆ.

ಆಗ ನೆನಪಾದದ್ದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಉಪಾಯ. ಬೆಸ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ ಅಪವರ್ತನ ತಾನಾಗಿಯೇ ಸಿಗುತ್ತದೆ. ಯಾಕಂದ್ರೆ a² − b² ಅಂದರೆ (a + b)(a − b). ವರ್ಗಮೂಲಕ್ಕಿಂತ ತುಸು ಮೇಲಿನಿಂದ ಶುರು ಮಾಡಬೇಕು. 3704ರ ವರ್ಗ 13719616. ಅದರಲ್ಲಿ ನಮ್ಮ ಸಂಖ್ಯೆ ಕಳೆದರೆ 2195. 5ರಲ್ಲಿ ಮುಗಿಯುವ ವರ್ಗ 25ರಲ್ಲೇ ಮುಗಿಯಬೇಕು, ಆದ್ದರಿಂದ ಇದು ಅಲ್ಲ. ಮುಂದಿನದು 3705. ವರ್ಗ 13727025, ಕಳೆದರೆ 9604. ಇದು 98ರ ವರ್ಗ!

ಎರಡೇ ಹೆಜ್ಜೆ. 3705 + 98 = 3803, 3705 − 98 = 3607. ಎರಡು ಅಪವರ್ತನಗಳೂ ಹತ್ತಿರ ಹತ್ತಿರ ಇದ್ದದ್ದೇ ನನ್ನ ಅದೃಷ್ಟ. ಎರಡೂ ಅವಿಭಾಜ್ಯವೇ ಅಂತ ಖಾತ್ರಿ ಮಾಡಿಕೊಳ್ಳಲು 61ರವರೆಗೆ ಭಾಗಿಸಿ ನೋಡಿದರೆ ಸಾಕಾಯಿತು.

ಇನ್ನು ಯಾವ ಜಾತಿಯ ಸಂಖ್ಯೆ ಅಂತ ಹೇಳುವುದು ಸಲೀಸು. ಭಾಜಕಗಳು 12, ಅವುಗಳ ಮೊತ್ತ (1 + 3 + 9)(1 + 3607)(1 + 3803), ಅಂದರೆ 13 × 3608 × 3804 = 178422816. ಸಂಖ್ಯೆಯನ್ನೇ ಬಿಟ್ಟರೆ ಉಳಿಯುವುದು 54966027. ತನಗಿಂತ ಕಡಿಮೆ, ಅಂದರೆ ಊನ ಸಂಖ್ಯೆ. 6ರಂತೆ (1 + 2 + 3 = 6) ಪರಿಪೂರ್ಣ ಅಲ್ಲ. ಪೂರ್ಣ ವರ್ಗವೂ ಅಲ್ಲ, ಆದರೆ ಅದನ್ನು ನೋಡುವಾಗ ಒಂದು ಚಂದದ ವಿಷಯ ಸಿಕ್ಕಿತು: 11111ರ ವರ್ಗ 123454321, ನಮ್ಮ ಸಂಖ್ಯೆ ಅದಕ್ಕಿಂತ ಸರಿಯಾಗಿ 2468 ಹೆಚ್ಚು.

ಎಡವಿದ್ದು ಒಂದು ಕಡೆ. 4ರಿಂದ ಭಾಗಿಸಿದರೆ ಶೇಷ 1 ಬರುತ್ತದೆ. ಹಾಗಾದರೆ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು ಅಂದುಕೊಂಡೆ. ಆ ಮಾತು ಅವಿಭಾಜ್ಯಗಳಿಗೆ ಮಾತ್ರ. ಉಳಿದ ಸಂಖ್ಯೆಗಳಲ್ಲಿ, 4ರಿಂದ ಭಾಗಿಸಿದಾಗ ಶೇಷ 3 ಬರುವ ಪ್ರತಿ ಅವಿಭಾಜ್ಯ ಅಪವರ್ತನವೂ ಸಮ ಸಂಖ್ಯೆಯ ಸಲ ಬಂದಿರಬೇಕು. ಇಲ್ಲಿ 3607, 3803 ಎರಡಕ್ಕೂ ಶೇಷ 3, ಎರಡೂ ಒಂದೊಂದೇ ಸಲ ಬಂದಿವೆ. ಹಾಗಾಗಿ ಸಾಧ್ಯವೇ ಇಲ್ಲ.

ಅದೇ ಹುರುಪಿನಲ್ಲಿ 987654321 ಹಿಡಿದೆ. 9 ಹೋಯಿತು, 17 ಎರಡು ಸಲ ಹೋಯಿತು, 379721 ಉಳಿಯಿತು. ಫರ್ಮಾ ದಾರಿಯಲ್ಲಿ ಇಪ್ಪತ್ತು ಹೆಜ್ಜೆ ಹಾಕಿದರೂ ಏನೂ ಸಿಗಲಿಲ್ಲ. ಕೊನೆಗೆ ಹಳೆಯ ದಾರಿಯಲ್ಲೇ 613ರವರೆಗೆ ಭಾಗಿಸಿದೆ. ಅದು ಅವಿಭಾಜ್ಯ. ಫರ್ಮಾನನ್ನೇ ನಂಬಿಕೊಂಡಿದ್ದರೆ, 379721 × 1 ಎಂಬ ಒಂದೇ ಜೋಡಿ ಸಿಗಲು a ಅನ್ನು 617ರಿಂದ 189861ರವರೆಗೆ ನಡೆಸಬೇಕಿತ್ತು.