ಸೇಫ್ಟಿ ರೇಜರಿನಲ್ಲಿ ನುಣುಪಾದ ಕ್ಷೌರಕ್ಕೆ ಒತ್ತಡ ಬೇಡ
ಎರಡು ಅಂಚಿನ ಬ್ಲೇಡಿನ ಸೇಫ್ಟಿ ರೇಜರನ್ನು ಹೊಸದಾಗಿ ಹಿಡಿದವರು ಸಾಮಾನ್ಯವಾಗಿ ಅದನ್ನು ಕೆನ್ನೆಗೆ ಒತ್ತಿ ಗಾಯ ಮಾಡಿಕೊಳ್ಳುತ್ತಾರೆ. ಲೋಹದ ರೇಜರಿನ ಭಾರವೇ ಕೂದಲು ಕತ್ತರಿಸಲು ಸಾಕಾಗುವುದರಿಂದ, ಅದರ ತಲೆಯನ್ನು ಚರ್ಮಕ್ಕೆ ತಾಗಿಸಿ, ಬ್ಲೇಡು ಸುಮಾರು 30 ಡಿಗ್ರಿ ಕೋನಕ್ಕೆ ಬರುವವರೆಗೆ ಹಿಡಿಯನ್ನು ಮೆಲ್ಲಗೆ ಇಳಿಸಿ, ಅಂಗುಲದಷ್ಟು ಚಿಕ್ಕ ಎಳೆತಗಳಲ್ಲಿ ಸಾಗಬೇಕು.

ನೀರು ಹೀರಿದ ಕೂದಲು ಮೆತ್ತಗಾಗುತ್ತದೆ. ಆದ್ದರಿಂದ ಸ್ನಾನದ ನಂತರ, ಇಲ್ಲವೇ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು 2-3 ನಿಮಿಷ ಮುಖಕ್ಕೆ ಇಟ್ಟುಕೊಂಡ ನಂತರ ಆರಂಭಿಸಿ. ನಮ್ಮಲ್ಲಿ ಅನೇಕರ ಮನೆಗೆ ಬರುವ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆಗಟ್ಟುವುದಿಲ್ಲ. ಒಂದು ಲೋಟ ಆರ್‌ಒ ನೀರನ್ನು ಬೆಚ್ಚಗೆ ಮಾಡಿ ಬ್ರಷ್ಷಿಗೆ ಬಳಸಿದರೆ ದಟ್ಟವಾದ ನೊರೆ ಬರುತ್ತದೆ.

ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿನಲ್ಲೇ ಇರಲಿ. ಮತ್ತೆ ನೊರೆ ಹಚ್ಚಿ ಎರಡನೆಯದನ್ನು ಅಡ್ಡಲಾಗಿ ಮಾಡಿ. ಕುತ್ತಿಗೆಯ ಕೂದಲು ಸುಳಿಯಾಗಿ, ಕೆಲವರಲ್ಲಿ ಮೇಲ್ಮುಖವಾಗಿಯೂ ಬೆಳೆಯುವುದರಿಂದ, ಬೆರಳಾಡಿಸಿ ದಿಕ್ಕನ್ನು ತಿಳಿದುಕೊಳ್ಳದೆ ಅಲ್ಲಿ ರೇಜರ್ ಇಡಬೇಡಿ. ಗುಂಗುರು ಗಡ್ಡದವರು ಎದುರು ದಿಕ್ಕಿನ ಕ್ಷೌರವನ್ನು ಬಿಟ್ಟುಬಿಡುವುದೇ ಲೇಸು; ಕೂದಲು ಚರ್ಮದೊಳಗೆ ತಿರುಗಿ ಗುಳ್ಳೆಗಳಾಗುವ ಸಂಭವ ಅವರಿಗೆ ಹೆಚ್ಚು. ಬಳಿಕ ತಣ್ಣೀರಿನಲ್ಲಿ ಮುಖ ತೊಳೆದು ಪಟಿಕದ ತುಂಡನ್ನು ಸವರಿ.

ಬ್ಲೇಡು ಕೂದಲನ್ನು ಎಳೆಯತೊಡಗಿದ ದಿನವೇ ಬದಲಿಸಿ. ಹಳೆಯದನ್ನು ಕಸದ ಬುಟ್ಟಿಗೆ ಹಾಗೆಯೇ ಎಸೆಯದೆ ತಗಡಿನ ಡಬ್ಬಿಯಲ್ಲಿ ಕೂಡಿಡಿ. ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಅದು ತಗುಲಬಾರದು.